ಬೇಡ ಮತ್ತು ಬ್ಯಾಡ

ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯಲ್ಲಿ ಫೈಲನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುವ ಆಜ್ಞೆಗೆ ಎರಡೇ ಅಕ್ಷರ: ಎಂ, ವಿ. ಅದನ್ನು ಬರೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಒಂದು ಪ್ರಶ್ನೆ ಕೇಳಬೇಕು: ಮಾಡುವ ಮೊದಲು ಒಂದು ಮಾತು ಕೇಳಲು ನಿನಗೇನು ಧಾಡಿಯಾಗಿತ್ತು? ಚಹಾದ ಗಾಡಿಯವನೂ ಸಕ್ಕರೆ ಹಾಕಲೇ ಎಂದು ಕೇಳುತ್ತಾನೆ. ಇದು ಕೇಳುವುದಿಲ್ಲ. ಮಾಡಬೇಕಾದ್ದನ್ನೂ ಮಾಡಬಾರದ್ದನ್ನೂ ಮಾಡಿ ಮುಗಿಸಿ, ತುಟಿ ಪಿಟಕ್ಕೆನ್ನದೆ ಮುಂದಿನ ಸಾಲಿನಲ್ಲಿ ಬರೀ ಕರ್ಸರಾಗಿ ಮಿನುಗುತ್ತ ನಿಲ್ಲುತ್ತದೆ. ಈ ಮೌನವನ್ನೇ ಲಿನಕ್ಸ್ ಭಕ್ತರು ದೊಡ್ಡ ಗುಣವೆಂದು ಹೊಗಳುತ್ತಾರೆ. ಸುದ್ದಿ ಬರಲಿಲ್ಲವೆಂದರೆ ಎಲ್ಲ ಸರಿಯಾಗಿದೆ ಎಂದರ್ಥವಂತೆ. ನಾನೂ ಹತ್ತು ಹನ್ನೆರಡು ವರ್ಷ ಹಾಗೆಯೇ ಹೊಗಳಿದವನು. ಈಗ ಆ ಮಿನುಗು ಕಂಡರೆ ಮೈ ಉರಿಯುತ್ತದೆ.

ನಾನು ಸಿನ್ನರ್ ಕಡೆಯ ಕಾರ್ಖಾನೆಯೊಂದರಲ್ಲಿ ಟೆಕ್ನಿಶಿಯನ್. ಮನೆ ನಾಸಿಕದ ದೇವಳಾಲಿ ಕ್ಯಾಂಪ್‌ನಲ್ಲಿ. ಮೂಲ ಊರು ಬೀದರ್ ಜಿಲ್ಲೆಯದು. ಅಪ್ಪ ಕನ್ನಡ ಮಾಸ್ತರ. ನಮ್ಮ ಮನೆಯಲ್ಲಿ ಎಲ್ಲರೂ ಆಡುತ್ತಿದ್ದುದು ಬೀದರ್ ಕನ್ನಡವೇ, ಆದರೆ ಪಾಟಿಯ ಮೇಲೆ ಅದು ಬರಕೂಡದು. ನಾನು ಒಮ್ಮೆ 'ಬ್ಯಾಡ' ಎಂದು ಬರೆದದ್ದಕ್ಕೆ ಅಪ್ಪ ರೂಲುದೊಣ್ಣೆಯಿಂದ ಬೆರಳಿನ ಗಿಣ್ಣಿಗೆ ಹೊಡೆದು 'ಬೇಡ' ಎಂದು ನೂರು ಸಲ ಬರೆಸಿದ್ದ. ಅಂದಿನಿಂದ ಬಾಯಿ ಬ್ಯಾಡ ಎಂದರೂ ಬೆರಳು ಬೇಡ ಎಂದೇ ಬರೆಯುತ್ತದೆ. ಮನಸ್ಸನ್ನು ಕೇಳುವುದಿಲ್ಲ.

ಅಕ್ಕನಿಗೆ ಆ ಹೊಡೆತ ಬೀಳಲಿಲ್ಲ, ಏಕೆಂದರೆ ಅವಳ ಸಾಲಿಯೇ ಬೇಗ ಮುಗಿಯಿತು. ಅವ್ವ ತೀರಿಕೊಂಡಾಗ ಅವಳು ಎಂಟನೆಯ ಇಯತ್ತೆಯಲ್ಲಿದ್ದಳು. ಒಲೆ ಹಚ್ಚುವವರು ಬೇಕಾಗಿತ್ತು. "ಸಾಲಿ ಬಿಡ್ತಿ ಏನವ್ವಾ?" ಎಂದು ಅಪ್ಪ ಕೇಳಿದ. ಅವಳು ಹೂಂ ಅಂದಳು. ಆಮೇಲೆ ಸಂಭಾಜಿನಗರದ ಬಟ್ಟೆ ಅಂಗಡಿಯವರ ಸಂಬಂಧ ಬಂತು, ಅದಕ್ಕೂ ಹೂಂ ಅಂದಳು. ಮೂವತ್ತೈದು ವರ್ಷ ಆ ಮನೆಯಲ್ಲಿ ಬಂದವರಿಗೆ, ಹೋದವರಿಗೆ, ಹೇಳದೆ ಕೇಳದೆ ವಾರಗಟ್ಟಲೆ ಕೂತವರಿಗೆ ಹೂಂ ಅನ್ನುತ್ತಲೇ ಬಂದಳು. ನಾನು ಪಾಲಿಟೆಕ್ನಿಕ್ ಓದಿದ್ದೂ ಅವಳು ಮಾಡಿದ ರೊಟ್ಟಿ ತಿಂದೇ. ಅವಳನ್ನು ಯಾರೂ ಬೈದದ್ದು ನಾನು ಕೇಳಿಲ್ಲ. ಬೈಯಲು ಅವಳು ಜಾಗ ಬಿಟ್ಟಿದ್ದರಲ್ಲವೆ?

ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಎಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಸಂಭಾಜಿನಗರದ ಡಾಕ್ಟರು ಭಾವನ ಮುಖ ನೋಡಿ ಹೇಳಿದರು: "ಆವಾಜ್ ಜಾಯೇಗಿ, ಜಾನ್ ಬಚೇಗಿ." ದನಿ ಹೋಗುತ್ತದೆ, ಜೀವ ಉಳಿಯುತ್ತದೆ. ಭಾವ ಅಕ್ಕನ ಕಡೆ ತಿರುಗಿದರು. ಅವಳು ತಲೆಯಾಡಿಸಿದಳು. ಆಪರೇಷನ್ನಿಗೆ ಇನ್ನೂ ಮೂರು ವಾರ ಇತ್ತು. ಅಷ್ಟು ದಿನ ತಮ್ಮನ ಮನೆಯಲ್ಲಿ ಇದ್ದು ಬರುತ್ತೇನೆ ಎಂದು ಅವಳೇ ಬಸ್ಸು ಹತ್ತಿ ನಾಸಿಕಕ್ಕೆ ಬಂದಳು. ಅವಳು ತಾನಾಗಿ ಒಂದು ನಿರ್ಧಾರ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ನನಗೊಂದು ಉಪಾಯ ಹೊಳೆಯಿತು. ಟ್ಯಾಬ್ಲೆಟ್ಟಿನಲ್ಲಿ ಗುಂಡಿಗಳನ್ನಿಟ್ಟು, ಒಂದೊಂದು ಗುಂಡಿ ಒತ್ತಿದಾಗ ಒಂದೊಂದು ಮಾತು ಕೇಳಿಸುವಂತೆ ಮಾಡುವ ಆ್ಯಪ್‌ಗಳು ಇವೆ. ಅಕ್ಕನ ಮಾತುಗಳನ್ನು ಅವಳ ದನಿಯಲ್ಲೇ ಮೊದಲೇ ರೆಕಾರ್ಡ್ ಮಾಡಿಟ್ಟರೆ, ಗಂಟಲು ಹೋದ ಮೇಲೂ ದನಿ ಉಳಿಯುತ್ತದೆ. ನಾನು ಕಾಗದದ ಮೇಲೆ ಒಂದು ಪಟ್ಟಿ ಮಾಡಿ ಅವಳ ಮುಂದಿಟ್ಟೆ: ನೀರು ಕೊಡಿ, ಹಸಿವಾಗಿದೆ, ನೋಯುತ್ತಿದೆ, ಫ್ಯಾನ್ ಹಾಕಿ. ಅವಳು ಎರಡು ಮೂರು ಓದಿ ಕಾಗದ ಪಕ್ಕಕ್ಕಿಟ್ಟಳು.

"ಇವೆಲ್ಲ ಕೈ ಮಾಡಿ ತೋರಿಸಿದ್ರ ತಿಳೀತದೋ. ಕೈ ಮಾಡಿದ್ರ ಯಾರೂ ನೋಡಲಾರದ್ದು ಒಂದದ. ಅದು ತುಂಬ್ಕೋ."

"ಏನದು?"

"ಬ್ಯಾಡ."

ಒಡೆದ ದನಿಯಲ್ಲಿ, ಗೊಗ್ಗರಾಗಿ, ಆದರೆ ಹೊಟ್ಟೆಯಿಂದ ಬಂದ ಮಾತು. ನಾನು ಮೊಬೈಲಿನ ರೆಕಾರ್ಡರ್ ಹಚ್ಚಿದೆ.

ಆ ಮೂರು ವಾರ ನಾನು ಮಧ್ಯಾಹ್ನದ ಪಾಳಿಗೆ ಹೋಗುವ ಮುಂಚೆ ದಿನವೂ ಒಂದು ತಾಸು ರೆಕಾರ್ಡಿಂಗ್ ನಡೆಯಿತು. ದೇವಳಾಲಿಯಲ್ಲಿ ಸೈನ್ಯದ ತೋಪಿನ ಅಭ್ಯಾಸ ನಡೆಯುವ ದಿನ ಕಿಟಕಿಯ ಗಾಜೆಲ್ಲ ಅದುರುತ್ತದೆ. ಅಕ್ಕ ಒಮ್ಮೆ "ಒಲ್ಲೆ ಅಂದ್ರ ಒಲ್ಲೆ" ಅನ್ನುವುದಕ್ಕೂ ತೋಪು ಢಂ ಅನ್ನುವುದಕ್ಕೂ ಸರಿಹೋಯಿತು. "ಇರ್ಲಿ, ತೆಗೀಬ್ಯಾಡ. ಮಿಲ್ಟ್ರಿ ನನ್ನ ಕಡೀಗದ" ಎಂದು ನಕ್ಕಳು. ಆ ನಗುವೂ ಅದರಲ್ಲೇ ರೆಕಾರ್ಡ್ ಆಯಿತು.

ಏನೇನು ಹೇಳಿದಳು! "ಚಹಾ ನೀವ ಮಾಡ್ಕೋರಿ." "ನನ್ನ ಕೇಳಿ ಕರೀರಿ ಮಂದೀನ." "ಉಪ್ಪ ಕಮ್ಮಿ ಇದ್ರ ಹಾಕ್ಕೋರಿ, ಕೈ ಅವ ಇಲ್ಲೇನು?" "ಟಿವಿ ಬಂದ್ ಮಾಡ್ರಿ, ನಾ ಮಲಗ್ತೀನಿ." "ನಾ ಬರಂಗಿಲ್ಲ ಆ ಮದಿವಿಗಿ." ಓಣಿಯ ಮರಾಠಿ ಹೆಂಗಸರಿಗೆಂದು "ನಕೋ ಮ್ಹಟ್ಲಂ ನಾ!", ಬ್ಯಾಡ ಅಂದೆನಲ್ಲ, ಎಂಬುದನ್ನು ಮೂರು ಬಗೆಯಲ್ಲಿ ಹೇಳಿದಳು: ಮೆತ್ತಗೆ, ಗಟ್ಟಿಯಾಗಿ, ಬಾಗಿಲು ಹಾಕುವಂತೆ. ಪ್ರತಿಯೊಂದಕ್ಕೂ ಒಂದು ಫೈಲು, ಅದರಲ್ಲಿರುವ ಮಾತೇ ಅದರ ಹೆಸರು. ಇನ್ನೂರ ಹದಿಮೂರು ಫೈಲುಗಳಾದವು. ಮೊಬೈಲಿನಲ್ಲಿ ಜಾಗವಿಲ್ಲವೆಂದು ದಿನದಿನವೂ ನನ್ನ ಹಳೆಯ ಲ್ಯಾಪ್‌ಟಾಪಿಗೆ ಸಾಗಿಸಿ, ಮೊಬೈಲಿನಿಂದ ತೆಗೆದುಬಿಡುತ್ತಿದ್ದೆ. ಎರಡು ಕಡೆ ಇಡ್ರಿ ಎಂದು ಹೆಂಡತಿ ಹೇಳಿದಳು. ಕಂಪ್ಯೂಟರಿನ ವಿಷಯ ನನಗೆ ಕಲಿಸಬೇಡ ಎಂದೆ.

ಈ ಎಲ್ಲ ಮಾತುಗಳನ್ನು ಕೊನೆಗೆ ಒಟ್ಟುಹಾಕಲು ಒಂದು ಫೋಲ್ಡರ್ ಬೇಕಿತ್ತು. ಹೆಸರೇನಿಡಲಿ ಎಂದು ಕೇಳಿದೆ. "ಬ್ಯಾಡ ಅಂತಿಡು" ಅಂದಳು. ನಾನು 'ಬೇಡ' ಎಂದು ಟೈಪು ಮಾಡಿದೆ. ಅವಳು ಕನ್ನಡಕ ಏರಿಸಿ ಪರದೆ ನೋಡಿದಳು. "ನಾ ಅಂದದ್ದು ಬರಿ. ಅಪ್ಪ ಇಲ್ಲ ಈಗ, ಹೊಡ್ಯಂಗಿಲ್ಲ." ನಾನು ಅಳಿಸಿ 'ಬ್ಯಾಡ' ಎಂದು ಬರೆದೆ. ಫೋಲ್ಡರ್ ಖಾಲಿಯಾಗಿಯೇ ಇತ್ತು. ಟ್ಯಾಬ್ಲೆಟ್ ಬಂದ ಮೇಲೆ ಎಲ್ಲವನ್ನೂ ಒಂದೇ ಏಟಿಗೆ ಅದರೊಳಗೆ ಸಾಗಿಸಿದರಾಯಿತು ಎಂದುಕೊಂಡೆ. ಆಗಲೇ ಮಾಡಬಹುದಿತ್ತು. ಮಾಡಲಿಲ್ಲ.

ಆಪರೇಷನ್ ಆಯಿತು. ಐದನೆಯ ದಿನ ನಾನು ಟ್ಯಾಬ್ಲೆಟ್ಟನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹಿಡಿದೆ. ಯೇವಲಾದಲ್ಲಿ ಹತ್ತಿದ ಮುದುಕನೊಬ್ಬ ಔರಂಗಾಬಾದಿಗೆ ಒಂದು ಟಿಕೆಟ್ ಎಂದ, ಅವನ ಹಿಂದಿನ ಹುಡುಗಿ ಸಂಭಾಜಿನಗರಕ್ಕೆ ಒಂದು ಎಂದಳು. ಹಳೆಯ ಹೆಸರು, ಹೊಸ ಹೆಸರು, ಊರು ಒಂದೇ ಎಂದು ತಿಳಿದ ಕಂಡಕ್ಟರ್ ಇಬ್ಬರಿಗೂ ಒಂದೇ ಊರಿನ ಟಿಕೆಟ್ ಹರಿದುಕೊಟ್ಟ. ಮನುಷ್ಯನ ಬುದ್ಧಿ ಅದು. ಯಂತ್ರಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಅಕ್ಕ ಆಸ್ಪತ್ರೆಯ ಮಂಚದ ಮೇಲೆ ಒರಗಿ ಕೂತಿದ್ದಳು. ಕತ್ತಿನಲ್ಲಿ ನಳಿಕೆ, ಮಡಿಲಲ್ಲಿ ಮಕ್ಕಳ ಪಾಟಿ ಮತ್ತು ಬಳಪ. ನನ್ನ ಚೀಲ ಕಂಡದ್ದೇ ಕಣ್ಣು ಅರಳಿದವು. ಭಾವ ಕಿಟಕಿಯ ಹತ್ತಿರ ನಿಂತು, ಮರುದಿನ ಯಾರು ಯಾರು ನೋಡಲು ಬರುತ್ತಾರೆಂದು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಮಂಚದ ಅಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಮೌಸಿನಿಂದ ಎಳೆದು ಹಾಕಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ನಾನು ಮೌಸಿನವನಲ್ಲ, ಆಜ್ಞೆಗಳನ್ನು ಟೈಪು ಮಾಡಿ ಕೆಲಸ ತೆಗೆಯುವ ಕಪ್ಪು ಪರದೆಯವನು. ಎಲ್ಲ ಫೈಲುಗಳನ್ನೂ 'ಬೇಡ'ಕ್ಕೆ ಸಾಗಿಸು ಎಂದು ಆಜ್ಞೆ ಬರೆದು ಎಂಟರ್ ಒತ್ತಿದೆ. ಹೌದು, ಬೇಡಕ್ಕೆ. ಬೆರಳಿಗೆ ಏನು ಅಭ್ಯಾಸವೋ ಅದನ್ನು ಬೆರಳು ಬರೆಯಿತು.

ಯಂತ್ರ ತಕರಾರು ಮಾಡಿತು. 'ಬೇಡ' ಎಂಬುದು ಫೋಲ್ಡರ್ ಅಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಇವತ್ತು ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುವುದು ಆ ಸಾಲನ್ನು ನೆನೆದಾಗ. ಮೌನಿ ಯಂತ್ರ ಒಂದು ಸಲ, ಒಂದೇ ಒಂದು ಸಲ, ಬಾಯಿಬಿಟ್ಟು ಹೇಳಿತ್ತು. ನಾನು ಕೇಳಲಿಲ್ಲ. ಆ ಕಪ್ಪು ಪರದೆಯಲ್ಲಿ ಕನ್ನಡ ಎಂದೂ ನೆಟ್ಟಗೆ ಮೂಡುವುದಿಲ್ಲ. ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ, ಕೊಂಬು ಮತ್ತೊಂದು ಕಡೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಬೇಡವೂ ಬ್ಯಾಡವೂ ಅಲ್ಲಿ ಒಂದೇ ರೀತಿಯ ಚಿಂದಿ. ಈ ದರಿದ್ರ ಯಂತ್ರಕ್ಕೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಹೀಗೆ ಎಂದು ತೀರ್ಮಾನಿಸಿ ಹಲ್ಲು ಕಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಭಾವ ಫೋನು ಇಟ್ಟು ಹತ್ತಿರ ಬಂದರು. "ಆಗ್ಲಿಲ್ಲೇನ್ರಿ? ನಮ್ಮ ಅಂಗಡಿ ಹುಡುಗ್ರು ಮೊಬೈಲ್ನಾಗ ಚುಟಕಿ ಹೊಡ್ಯದ್ರಾಗ ಮಾಡ್ತಾರ ನೋಡ್ರಿ ಇಂಥಾವ."

ಪಿತ್ತ ನೆತ್ತಿಗೇರಿತು. "ಆಗ್ತದ, ನಿಲ್ರಿ" ಎಂದೆ. ಒಟ್ಟಿಗೆ ಸಾಗಿಸಲು ಬಾರದಿದ್ದರೆ ಒಂದೊಂದಾಗಿ ಸಾಗಿಸು ಎಂದು ಹೇಳುವ ಇನ್ನೊಂದು ಆಜ್ಞೆ ಇದೆ. ಪಟ್ಟಿಯಲ್ಲಿರುವ ಪ್ರತಿ ಫೈಲನ್ನೂ ಎತ್ತಿಕೋ, 'ಬೇಡ'ಕ್ಕೆ ಹಾಕು, ಮುಂದಿನದನ್ನು ಎತ್ತಿಕೋ. ಅದನ್ನು ಸಿಟ್ಟಿನಿಂದ ಕುಟ್ಟಿ ಎಂಟರ್ ಹೊಡೆದೆ. ಈ ಸಲ ತಕರಾರಿಲ್ಲ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಸಾಲು ಮಿನುಗಿತು.

"ಆತು ಅಕ್ಕ" ಎಂದೆ.

ಆಮೇಲೆ 'ಬ್ಯಾಡ' ಫೋಲ್ಡರ್ ತೆರೆದು ನೋಡಿದೆ. ಖಾಲಿ. ಅದರ ಪಕ್ಕದಲ್ಲಿ 'ಬೇಡ' ಎಂಬ ಹೆಸರಿನ ಒಂದೇ ಒಂದು ಫೈಲು ಕೂತಿತ್ತು. ಮತ್ತೇನೂ ಇಲ್ಲ. ಆ ಫೈಲನ್ನು ಒತ್ತಿದೆ. ಅಕ್ಕನ ಗೊಗ್ಗರು ದನಿ ವಾರ್ಡಿನಲ್ಲಿ ಕೇಳಿಸಿತು:

"ಹೌದ್ರಿ."

"ಏ, ಬಂತು ನೋಡ್ರಿ ದನಿ!" ಎಂದು ಭಾವ ಚಪ್ಪಾಳೆ ತಟ್ಟಿದರು. ಪಕ್ಕದ ಮಂಚದವರೂ ತಿರುಗಿ ನಕ್ಕರು.

ಏನಾಗಿತ್ತೆಂದರೆ, 'ಬೇಡ' ಎಂಬ ಫೋಲ್ಡರೇ ಇರಲಿಲ್ಲವಲ್ಲ, ಎಂವಿ ಮೊದಲ ಫೈಲಿನ ಹೆಸರನ್ನೇ 'ಬೇಡ' ಎಂದು ಬದಲಿಸಿತು. ಎರಡನೆಯದಕ್ಕೂ ಅದೇ ಹೆಸರು ಕೊಟ್ಟಿತು, ಮೊದಲನೆಯದು ಅಳಿಸಿಹೋಯಿತು. ಮೂರನೆಯದು ಎರಡನೆಯದನ್ನು ನುಂಗಿತು. ಹೀಗೆ ಒಂದರ ಮೇಲೊಂದು ಬಿದ್ದು, ಅಕಾರಾದಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಬರುವ 'ಹೌದ್ರಿ' ಮಾತ್ರ ಬದುಕಿತು. ಹೆಸರಿನ ಕೊನೆಗೆ ಒಂದು ಓರೆಗೆರೆ ಎಳೆದಿದ್ದರೂ ಸಾಕಾಗಿತ್ತು, ಅಂಥ ಫೋಲ್ಡರ್ ಇಲ್ಲ ಎಂದು ನಿಂತುಬಿಡುತ್ತಿತ್ತು. ಒಂದು ಗೆರೆ! ಅದನ್ನು ಎಳೆಯದವನು ತಪ್ಪಿತಸ್ಥನಂತೆ, ಇನ್ನೂರ ಹನ್ನೆರಡು ಸಲ ಕೇಳದೆ ಅಳಿಸಿದ್ದು ಸಾಚಾವಂತೆ.

ಆ ಹೌದ್ರಿಯನ್ನು ಅಕ್ಕ ಹೇಳಲು ಒಪ್ಪಿರಲಿಲ್ಲ. "ಅದು ಸಾಕಾಗ್ಯಾದೋ ನನಗ" ಎಂದಿದ್ದಳು. ನಾನೇ, ಒಂದು ಇರಲಿ ಅಕ್ಕ, ಬೇಕಾಗುತ್ತದೆ ಎಂದು ಗಂಟುಬಿದ್ದು ಕೊನೆಯ ದಿನ ಹೇಳಿಸಿದ್ದೆ.

ಅವಳು ಮುಂದಿನ ಮಾತಿಗಾಗಿ ಕಾಯುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಬೆರಳಿನ ತಪ್ಪನ್ನೂ. ಅವಳು ಬೈಯಲಿಲ್ಲ, ಬೈಯಲು ಇದ್ದ ಮಾತುಗಳನ್ನೆಲ್ಲ ನಾನೇ ತಿಂದುಹಾಕಿದ್ದೆನಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು.

ನಾಸಿಕಕ್ಕೆ ಬಂದು ರಜೆ ಹಾಕಿ ಹುಡುಕಿದೆ. ಅಳಿಸಿದ ಫೈಲುಗಳನ್ನು ಮರಳಿ ತರುವ ತಂತ್ರಾಂಶಗಳಿವೆ. ನಾಲ್ಕನ್ನು ಓಡಿಸಿದೆ. ಮೂರು ವರ್ಷದ ಹಿಂದಿನ ಬೆಂಕಿಪೊಟ್ಟಣದಷ್ಟು ಪುಟ್ಟ ಚಿತ್ರಗಳು ಸಿಕ್ಕವು, ಅಕ್ಕನ ಒಂದು ಉಸಿರೂ ಸಿಗಲಿಲ್ಲ. ಅಳಿಸಿದ ಜಾಗವನ್ನು ಆ ಕ್ಷಣವೇ ಒರೆಸಿ ಚೊಕ್ಕಟ ಮಾಡಿಬಿಡು ಎಂದು ಡಿಸ್ಕಿಗೆ ಹೇಳಿಟ್ಟವನು ನಾನೇ, ಅದು ಡಿಸ್ಕಿನ ಆಯುಷ್ಯಕ್ಕೆ ಒಳ್ಳೆಯದೆಂದು ಎಲ್ಲೋ ಓದಿ. ಅಂತರಜಾಲದ ಲಿನಕ್ಸ್ ಕಟ್ಟೆಯೊಂದರಲ್ಲಿ ಕಷ್ಟ ತೋಡಿಕೊಂಡೆ. ಮೊದಲ ಉತ್ತರ ಬಂತು: ಕೈಪಿಡಿ ಓದಿದ್ದೀರಾ? ಎರಡನೆಯದು: ಬ್ಯಾಕಪ್ ಎಲ್ಲಿ? ಮೂರನೆಯವನು, ಫೈಲಿಗೆ ಇಂಗ್ಲಿಷ್ ಹೆಸರಿಟ್ಟಿದ್ದರೆ ಈ ರಗಳೆಯೇ ಇರಲಿಲ್ಲ ಎಂದ. ಮನೆ ಸುಟ್ಟುಹೋದವನಿಗೆ ಗಳ ಎಣಿಸಿ ತೋರಿಸುವ ಜಾತಿ ಇದು. ಅವನಿಗೆ ನಾನು ಬರೆದ ಉತ್ತರವನ್ನು ಕಟ್ಟೆಯವರು ತೆಗೆದುಹಾಕಿದರು, ಇಲ್ಲಿ ಬರೆದರೂ ತೆಗೆಯಬೇಕಾಗುತ್ತದೆ.

ಕಡೆಗೆ ಬಂಧುಗಳಿಗೆಲ್ಲ ಫೋನು ಮಾಡಿದೆ: ನಿಮ್ಮ ಮೊಬೈಲಿನಲ್ಲಿ ಅಕ್ಕ ಕಳಿಸಿದ ವಾಯ್ಸ್ ಮೆಸೇಜ್ ಇದ್ದರೆ ಕಳಿಸಿ. ಬೀದರಿನಿಂದ, ಕಲಬುರಗಿಯಿಂದ, ಪುಣೆಯಿಂದ ಬಂದವು. ಹದಿನೇಳು. ಒಂದೊಂದನ್ನೇ ಕೂತು ಕೇಳಿದೆ. "ಆತ್ರಿ, ಕಳಿಸ್ತೀನ್ರಿ." "ಬರ್ರಿ ಬರ್ರಿ, ಅದಕ್ಕೇನದ." "ಹೂಂ ರಿ, ನಾ ಮಾಡ್ತೀನಿ ತಗೋರಿ." "ನನಗೇನ್ ತ್ರಾಸಿಲ್ರಿ." ಹದಿನೇಳರಲ್ಲಿ ಹದಿನೇಳೂ ಅದೇ. ಅವಳ ಬದುಕಿನಲ್ಲಿ ಅವಳು ಬ್ಯಾಡ ಅಂದದ್ದು ದೇವಳಾಲಿಯ ನನ್ನ ಮನೆಯ ಆ ಮೂರು ವಾರ ಮಾತ್ರ. ಆ ಮೂರು ವಾರವನ್ನೇ ನಾನು ಹಾಳುಮಾಡಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗಾಗಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ.

ವಾರ್ಡಿನಿಂದ ಹೊರಡುವ ಮುಂಚೆ ನಾನು ಇನ್ನೊಂದು ತಪ್ಪು ಮಾಡಿದ್ದೆ. ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಎಂದು, ಉಳಿದ ಆ ಒಂದು ಮಾತನ್ನು ಟ್ಯಾಬ್ಲೆಟ್ಟಿಗೆ ಹಾಕಿ, ಒಂದೇ ಗುಂಡಿ ಇಟ್ಟು ಕೊಟ್ಟುಬಂದಿದ್ದೆ. ಒಂದು ತಿಂಗಳ ಮೇಲೆ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಮತ್ತೆ ಹೋದೆ. ಅಕ್ಕ ಮನೆಗೆ ಬಂದಿದ್ದಳು. ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಡುಮನೆಯ ಸೋಫಾದಲ್ಲಿ ಕೂತಿದ್ದಳು, ಮುಂದಿನ ಟೀಪಾಯಿಯ ಮೇಲೆ ಟ್ಯಾಬ್ಲೆಟ್. ಭಾವ ಫೋನು ಕಿವಿಗಿಟ್ಟುಕೊಂಡೇ ಬಂದರು.

"ನಮ್ಮ ತಂಗಿ ಮನಿಯವ್ರು ನಾಳಿಗಿ ಬರ್ತೀವಿ ಅಂತಾರ, ನಾಕ ದಿನ ಇರ್ತಾರಂತ. ನಡೀತದಲ್ಲ?"

ಅಕ್ಕ ಪಾಟಿಗೆ ಕೈ ಹಾಕಿದಳು. ಬಳಪ ಹುಡುಕುವಷ್ಟರಲ್ಲಿ ಭಾವ ಬಾಗಿ, ತಾವೇ ಗುಂಡಿ ಒತ್ತಿ, ಫೋನನ್ನು ಟ್ಯಾಬ್ಲೆಟ್ಟಿನ ಹತ್ತಿರ ಹಿಡಿದರು.

"ಹೌದ್ರಿ" ಎಂದಿತು ಅಕ್ಕನ ದನಿ.

"ಕೇಳಿದ್ರಿಲ್ಲ? ಬರ್ರಿ, ಬರ್ರಿ" ಎನ್ನುತ್ತ ಅವರು ಅಂಗಡಿಗೆ ಹೊರಟುಹೋದರು. ಕೆಟ್ಟವರಲ್ಲ. ಮೂವತ್ತೈದು ವರ್ಷ ಕೇಳಿದ ಉತ್ತರವನ್ನು ತಾವೇ ತೆಗೆದುಕೊಂಡರು, ಅಷ್ಟೇ. ಆ ಗುಂಡಿಯನ್ನು ಮಾಡಿ ಕೊಟ್ಟವನು ನಾನು. ಅಲ್ಲೇ ಆ ಟ್ಯಾಬ್ಲೆಟ್ಟನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು, ನನ್ನ ತಲೆಯನ್ನೂ ಸೇರಿಸಿ.

ಅಕ್ಕ ಬಳಪ ಹುಡುಕಿ ಪಾಟಿಯ ಮೇಲೆ ಬರೆದು ನನ್ನತ್ತ ತಿರುಗಿಸಿದಳು: ಅಳಸು.

"ಅಕ್ಕ, ನಿನ್ನ ಕೈಯಾಗ ಉಳಿದದ್ದು ಅದೊಂದೇ. ನಿಂದಽ ದನಿ ಅದು."

ಬಟ್ಟೆಯಿಂದ ಒರೆಸಿ ಮತ್ತೆ ಬರೆದಳು: ಗೊತ್ತದ. ಅದರ ಕೆಳಗೆ ಇನ್ನೊಂದು ಸಾಲು: ನಿನ್ನ ಪೆಟ್ಟಿಗ್ಯಾಗಿಂದೂ.

ಟ್ಯಾಬ್ಲೆಟ್ಟಿನ ಗುಂಡಿ ತೆಗೆದೆ. ಲ್ಯಾಪ್‌ಟಾಪ್ ತೆರೆದು ಅವಳ ತೊಡೆಯ ಮೇಲಿಟ್ಟೆ. ಅಳಿಸುವ ಆಜ್ಞೆಯೂ ಎರಡೇ ಅಕ್ಷರದ್ದು. ಬರೆದೆ, ಫೈಲಿನ ಹೆಸರನ್ನೂ ಬರೆದೆ, ಎಂಟರ್ ಒತ್ತಲು ಮಾತ್ರ ಬೆರಳು ಏಳಲಿಲ್ಲ. ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಇನ್ನೂರ ಹನ್ನೆರಡು ಮಾತುಗಳನ್ನು ನಾನು ಅಳಿಸಿದ್ದೆ. ಕೊನೆಯದೊಂದನ್ನು ಅವಳೇ ಅಳಿಸಿದಳು.